ಬೀದಿಯ ಬೆಳಕೂ ಕಪ್ಪು-ಬಿಳುಪಿನ ಅತಿರೇಕವೂ

ಬೀದಿಯ ಛಾಯಾಗ್ರಹಣವನ್ನು ಅಭ್ಯಸಿಸತೊಡಗಿದ ತರುಣರಲ್ಲಿ ಒಂದು ನಂಬಿಕೆ ಬಲವಾಗಿದೆ: ಬಣ್ಣವನ್ನು ಕಳೆದು, ನೆರಳನ್ನು ಮಸಿಯಾಗಿಸಿ, ಬಿಳುಪನ್ನು ಸುಣ್ಣದಂತೆ ಬೆಳಗಿಸಿದರೆ ಚಿತ್ರಕ್ಕೆ ಗಾಂಭೀರ್ಯ ಬಂದೀತೆಂಬುದು. ಆದರೆ ಕಪ್ಪು-ಬಿಳುಪು ಚಿತ್ರದ ಜೀವವಿರುವುದು ಇವೆರಡರ ನಡುವಣ ಬೂದುಛಾಯೆಗಳಲ್ಲಿ. ಮುಖಭಾವವು ನೆಲಸುವುದೂ ಅಲ್ಲಿಯೇ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ತೆಗೆದ ಮಕ್ಕಳ ಚಿತ್ರಗಳನ್ನು ನಿಧಾನವಾಗಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿದ್ದುವುದೇ ತಪ್ಪೆಂದಲ್ಲ, ಹಿಂದಿನವರೂ ಕತ್ತಲಕೋಣೆಯಲ್ಲಿ ಅಂಗೈಯನ್ನು ಅಡ್ಡ ಹಿಡಿದು ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು.

ಮುಂಬ್ರಾದ ವಿಷಯದಲ್ಲಿ ಈ ಅತಿರೇಕವನ್ನು ಬರಿಯ ಅಭಿರುಚಿಯ ದೋಷವೆಂದು ಬಿಡಲಾಗದು. 1992–93ರ ಗಲಭೆಗಳ ತರುವಾಯ ಮುಂಬಯಿಯ ಅನೇಕ ಮುಸ್ಲಿಂ ಕುಟುಂಬಗಳು ಬಂದು ನೆಲಸಿದ ಊರಿದು. ಹೊರಗಿನವರ ಮಾತಿನಲ್ಲಿ ಮೊದಲೇ ಕಪ್ಪಾದ ಊರು. ಅದನ್ನು ಇನ್ನೂ ಕಪ್ಪಾಗಿಸಿದ ಚಿತ್ರವು ಕಣ್ಣು ಕಂಡದ್ದನ್ನು ಬಿಟ್ಟು ಕಿವಿ ಕೇಳಿದ್ದನ್ನು ತೋರಿಸುತ್ತದೆ. ಕರಿಯ ಬುರ್ಖಾದ ನೆರಿಗೆಗಳೆಲ್ಲ ಅಳಿದು, ಪೇಟೆಗೆ ಹೊರಟ ಹೆಂಗಸು ಒಂದು ಮಸಿಯ ಕಲೆಯಾಗಿ ಉಳಿಯುತ್ತಾಳೆ. ಪಾರ್ಸಿಕ್ ಗುಡ್ಡದ ಮಳೆಗಾಲದ ಬೆಳಕು ಸ್ವತಃ ಬೂದು. ಆ ಬೂದು ಹೋದರೆ ಮಳೆಯೇ ಮಾಯ. ಹಣ್ಣಿನ ಗಾಡಿಯ ಬಣ್ಣವೇ ಚಿತ್ರದ ವಸ್ತುವಾಗಿರುವಲ್ಲಂತೂ ಬಣ್ಣವನ್ನು ಕಳೆಯುವುದೇಕೆ? ರಘುಬೀರ್ ಸಿಂಗ್ (1942–1999) ಭಾರತದ ಬೀದಿಗಳನ್ನು ಬಣ್ಣದಲ್ಲಿಯೇ ಕಂಡರು.