ಗೋಣಿಚೀಲದಲ್ಲಿ ಬಂದ ಯುದ್ಧ

ರಾತ್ರಿ ಹೊತ್ತು ಬಾಗಿಲು ಬಡಿದ ಸದ್ದು. ಒಳಗಿನವನು ‘ಯಾರು?’ ಅಂತಾನೆ. ಹೊರಗಿನವನು ‘ನಾನು’ ಅಂತಾನೆ. ಹಳ್ಳಿಯಲ್ಲಿ ಬೆಳೆದವರಿಗೆ ಇದರಲ್ಲಿ ವಿಶೇಷ ಏನೂ ಕಾಣಲ್ಲ. ನಮ್ಮ ಕಡೆಯೂ ಬಾಗಿಲ ಹೊರಗೆ ನಿಂತವರು ಹೆಸರು ಹೇಳೋ ಪದ್ಧತಿ ಇಲ್ಲ; ‘ನಾನು’ ಅಂದರೆ ಸಾಕು, ದನಿ ಕೇಳಿ ಇಂಥವರೇ ಅಂತ ಒಳಗಿನವರು ಗುರುತು ಹಿಡೀತಾರೆ. ಆದರೆ ಜಿಯಾಂಗ್ ವೆನ್ ನಿರ್ದೇಶಿಸಿದ ‘ಡೆವಿಲ್ಸ್ ಆನ್ ದಿ ಡೋರ್‌ಸ್ಟೆಪ್’ ಸಿನಿಮಾದಲ್ಲಿ ಆ ದನಿ ಯಾರದ್ದು ಅಂತ ಮಾ ದಾಸಾನ್‌ಗೆ ಗೊತ್ತಾಗಲ್ಲ. ಬಾಗಿಲು ತೆಗೆದರೆ ಹಣೆಗೆ ಪಿಸ್ತೂಲು. ಎರಡು ಗೋಣಿಚೀಲ ಒಳಗೆ ಬರುತ್ತವೆ. ಇವನ್ನು ಇಟ್ಟುಕೊಂಡಿರು, ವಿಚಾರಣೆ ಮಾಡು, ಕೆಲವೇ ದಿನದಲ್ಲಿ ಬಂದು ತಗೊಂಡು ಹೋಗ್ತೀನಿ ಅಂತ ಹೇಳಿ ಆ ‘ನಾನು’ ಕತ್ತಲಲ್ಲಿ ಮಾಯವಾಗ್ತಾನೆ. ಒಂದು ಚೀಲದಲ್ಲಿ ಹನಯಾ ಅನ್ನೋ ಜಪಾನಿ ಸೈನಿಕ, ಇನ್ನೊಂದರಲ್ಲಿ ಅವರ ಚೀನೀ ದುಭಾಷಿ ದೊಂಗ್.

2000ರ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪಡೆದ ಸಿನಿಮಾ ಇದು. ಯು ಫೆಂಗ್‌ವೇ ಬರೆದ ಒಂದು ನೀಳ್ಗತೆ ಇದಕ್ಕೆ ಆಧಾರ. ಚೀನಾದಲ್ಲಿ ಇದರ ಪ್ರದರ್ಶನಕ್ಕೆ ಅನುಮತಿ ಸಿಗಲಿಲ್ಲ. ಕಥೆಯ ಹಳ್ಳಿಗರಿಗೆ ಜಪಾನಿಯರ ಮೇಲೆ ದ್ವೇಷವೇ ಇಲ್ಲ, ಶತ್ರು ಯಾರು ಮಿತ್ರ ಯಾರು ಅಂತಲೂ ಅವರಿಗೆ ತಿಳಿದಿಲ್ಲ ಅನ್ನೋದು ಅಲ್ಲಿನ ಚಲನಚಿತ್ರ ಇಲಾಖೆಯ ಮುಖ್ಯ ತಕರಾರು. ಜಿಯಾಂಗ್ ವೆನ್ ನಿರ್ದೇಶಿಸಿದ ಮುಂದಿನ ಸಿನಿಮಾ ಬಂದದ್ದು 2007ರಲ್ಲಿ. ನನಗೆ ಈ ತಕರಾರನ್ನು ತಳ್ಳಿಹಾಕೋಕಿಂತ ಅದನ್ನೇ ಹಿಡಿದು ಸಿನಿಮಾ ನೋಡೋದು ಒಳ್ಳೇದು ಅನಿಸ್ತು. ಯಾಕಂದ್ರೆ ಸಿನಿಮಾದ ಜೀವ ಇರೋದೂ ಅಲ್ಲೇ.

ಕಥೆ ನಡೆಯೋದು ಹೆಬೈ ಪ್ರಾಂತ್ಯದಲ್ಲಿ, ಮಹಾಗೋಡೆಯ ಬುಡದ ಒಂದು ಹಳ್ಳಿಯಲ್ಲಿ, 1945ರಲ್ಲಿ. ಜಪಾನ್–ಚೀನಾ ಯುದ್ಧ ಅಂದ ಕೂಡಲೇ ನಾವು 1937ರ ಜುಲೈ, ಆಮೇಲೆ ನಾನ್‌ಜಿಂಗ್ ಹತ್ಯಾಕಾಂಡ ನೆನಪು ಮಾಡ್ಕೋತೀವಿ. ಈ ಸೀಮೆಯ ಲೆಕ್ಕ ಬೇರೆ. ಮಂಚೂರಿಯಾ ಹೋದದ್ದು 1931ರಲ್ಲಿ. ಗೋಡೆಯ ಪೂರ್ವದ ತುದಿಯಲ್ಲಿರೋ ಶಾನ್‌ಹೈಗುವಾನ್ 1933ರ ಜನವರಿಯಲ್ಲೇ ಜಪಾನಿಯರ ಕೈಸೇರಿತು. ಅದೇ ವರ್ಷ ಮೇ ತಿಂಗಳಲ್ಲಿ ಆದ ತಾಂಗ್‌ಗು ಒಪ್ಪಂದದಲ್ಲಿ ಗೋಡೆಯ ದಕ್ಷಿಣದ ದೊಡ್ಡ ಭಾಗವೊಂದಕ್ಕೆ ಚೀನೀ ಸೈನ್ಯ ಕಾಲಿಡಬಾರದು ಅಂತ ಚಿಯಾಂಗ್ ಕೈಷೆಕ್ ಸರ್ಕಾರವೇ ಒಪ್ಪಿಕೊಂಡಿತು. 1935ರಲ್ಲಿ ಅಲ್ಲಿ ಯಿನ್ ರುಗೆಂಗ್ ಅನ್ನೋನ ಕೈಗೊಂಬೆ ಸರ್ಕಾರ ಬಂತು. ಅಂದ್ರೆ 1945ರಲ್ಲಿ ಆ ಕಡೆಯ ಹನ್ನೆರಡು ವರ್ಷದ ಹುಡುಗನಿಗೆ ಜಪಾನಿ ಇಲ್ಲದ ಊರು ಹೇಗಿರುತ್ತೆ ಅಂತಲೇ ಗೊತ್ತಿರಲ್ಲ. ಸಿನಿಮಾದಲ್ಲಿ ಜಪಾನಿ ನೌಕಾದಳದ ವಾದ್ಯದವರು ಬ್ಯಾಂಡ್ ಬಾರಿಸ್ತಾ ಊರೊಳಗೆ ಹಾದು ಹೋಗ್ತಾರೆ, ಮಕ್ಕಳು ಮಿಠಾಯಿಗೆ ಓಡಿ ಬರ್ತಾರೆ. ಇಲಾಖೆಯವರಿಗೆ ಇದು ದೇಶಾಭಿಮಾನದ ಕೊರತೆ. ನನಗೆ ಇದು ಹನ್ನೆರಡು ವರ್ಷದ ರೂಢಿ. ಸರ್ಕಾರವೇ ಕೈಬಿಟ್ಟ ಜಾಗದಲ್ಲಿ ಜನ ಉಳಿದ ದಾರಿ ಹೀಗೇ ಇರುತ್ತೆ.

ಚೀಲಗಳನ್ನು ಬಿಚ್ಚಿದ ಮೇಲೆ ಊರಿನ ಹಿರಿಯರೆಲ್ಲ ಸೇರ್ತಾರೆ. ಹಿಂದಕ್ಕೆ ಕೊಟ್ಟರೆ ಆ ‘ನಾನು’ ಕೊಲ್ತಾನೆ. ಇಟ್ಟುಕೊಂಡರೆ ಜಪಾನಿಯರು ಕೊಲ್ತಾರೆ. ಸೆರೆಯಾಳುಗಳನ್ನೇ ಕೊಂದರೆ ನಾಳೆ ಲೆಕ್ಕ ಕೇಳೋಕೆ ಬಂದವರಿಗೆ ಏನು ಹೇಳೋದು? ಯಾರು ಕೊಟ್ಟರು ಅಂತ ಗೊತ್ತಿಲ್ಲದ, ಮುಗಿಯೋ ತಾರೀಖೂ ಇಲ್ಲದ ಕೆಲಸ ನಮ್ಮಂಥ ಐಟಿಯವರ ತಲೆಗೂ ಬೀಳುತ್ತೆ. ನಾವು ನಾಲ್ಕು ಮೇಲ್ ಹಾಕಿ ಕೈ ತೊಳ್ಕೋತೀವಿ, ಇವರಿಗೆ ಆ ಅನುಕೂಲವಿಲ್ಲ. ಆರು ತಿಂಗಳಾದರೂ ‘ನಾನು’ ಬರಲ್ಲ. ತಮಗೇ ಗತಿ ಇಲ್ಲದ ಊರಿನವರು ತಮ್ಮ ಧಾನ್ಯದಲ್ಲೇ ಆ ಇಬ್ಬರನ್ನು ಸಾಕ್ತಾರೆ. ಇದು ಮಾನವೀಯತೆಯೋ, ಹೆದರಿಕೆಯೋ? ಎರಡೂ ಇದೆ. ಎಷ್ಟೆಷ್ಟು ಅಂತ ಸಿನಿಮಾ ಬಿಡಿಸಿ ಹೇಳಲ್ಲ. ಹೇಳದೇ ಇರೋದೇ ಸರಿ.

ದುಭಾಷಿಯ ದೃಶ್ಯಗಳು ಹೊಟ್ಟೆ ಹುಣ್ಣಾಗೋ ಹಾಗೆ ನಗಿಸ್ತವೆ. ಹನಯಾಗೆ ವೀರಮರಣದ ಹುಚ್ಚು. ಇವರನ್ನು ಬೈದು ಕೆಣಕಿ ಕೊಲ್ಲಿಸಿಕೊಳ್ಳಬೇಕು. ಚೀನೀ ಬೈಗುಳ ಹೇಳಿಕೊಡು ಅಂತ ದೊಂಗ್‌ನನ್ನ ಕೇಳ್ತಾನೆ. ಬದುಕಿದರೆ ಸಾಕು ಅಂತಿರೋ ದೊಂಗ್, ಅಣ್ಣ ಅತ್ತಿಗೆಗೆ ಹೊಸ ವರ್ಷದ ಶುಭ ಕೋರೋ ಮಾತನ್ನ ಹೇಳಿಕೊಡ್ತಾನೆ. ಹನಯಾ ಕಣ್ಣು ಕೆಂಪಗೆ ಮಾಡಿ ಅದನ್ನೇ ಕಿರುಚ್ತಾನೆ. ಹೊಸ ವರ್ಷದ ಶುಭಾಶಯಕ್ಕೆ ಇಷ್ಟು ಸಿಟ್ಟು ಯಾಕೆ ಅಂತ ಊರಿನವರಿಗೆ ಆಶ್ಚರ್ಯ. ಎರಡೂ ಭಾಷೆ ಬರದ ನಮಗೆ ಸಬ್‌ಟೈಟಲ್‌ನಿಂದ ಎಲ್ಲ ಅರ್ಥ ಆಗುತ್ತೆ. ಆ ಕೋಣೆಯಲ್ಲಿರೋ ಮಾ ದಾಸಾನ್‌ಗಾಗಲೀ ಹನಯಾಗಾಗಲೀ ಅರ್ಧ ಮಾತ್ರ. ಸುಳ್ಳು ಅನುವಾದ ಇರೋವರೆಗೂ ಯಾರೂ ಸಾಯಲ್ಲ ಅನ್ನೋದನ್ನ ಗಮನಿಸಿ. ನಾನು ನಕ್ಕಿದ್ದೆಲ್ಲ ಆಮೇಲೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಮಾ ದಾಸಾನ್ ಪಾತ್ರವನ್ನ ನಿರ್ದೇಶಕರೇ ಮಾಡಿದ್ದಾರೆ. ಜಾಂಗ್ ಯಿಮೋ ಅವರ ‘ರೆಡ್ ಸೋರ್ಗಂ’ ನೋಡಿದವರಿಗೆ ಈ ಮುಖ ಪರಿಚಯ. ಅಲ್ಲಿ ಇದೇ ನಟ ಜೋಳದ ಹೊಲದಲ್ಲಿ ಎದೆ ಸೆಟೆಸಿ ನಿಂತ ಗಂಡಸು. ಊರಿನವರನ್ನ ಕಟ್ಟಿಕೊಂಡು ಜಪಾನಿಯರ ಲಾರಿಯ ಮೇಲೆ ಬೀಳ್ತಾನೆ, ಪರದೆಯೆಲ್ಲ ಕೆಂಪು. ಎರಡಕ್ಕೂ ಛಾಯಾಗ್ರಾಹಕರು ಗು ಚಾಂಗ್‌ವೇ. ಇಲ್ಲಿ ಬಣ್ಣವೇ ಇಲ್ಲ, ಕಪ್ಪು ಬಿಳುಪು. ಅದೇ ನಟ ಗೊಣಗ್ತಾ, ನಡುಗ್ತಾ, ಕೊಲ್ಲೋ ಚೀಟಿ ತನ್ನ ಹೆಸರಿಗೆ ಬಂದರೂ ಕೊಲ್ಲಲಾರದೆ ಸೆರೆಯಾಳುಗಳನ್ನ ಗೋಡೆಯ ಕಾವಲು ಗೋಪುರದಲ್ಲಿ ಬಚ್ಚಿಡ್ತಾನೆ. ಮೊದಲನೆಯ ಸಿನಿಮಾದ ಹಳ್ಳಿ ದೇಶ ನೆನಪಿಟ್ಟುಕೊಳ್ಳೋಕೆ ಇಷ್ಟಪಡೋ ಹಳ್ಳಿ. ಎರಡನೆಯದು ಊರುಗಳಲ್ಲಿ ನಿಜವಾಗಿ ಇರೋ ಜನ.

ಕೊನೆಗೆ ಸೆರೆಯಾಳುಗಳನ್ನ ಒಪ್ಪಿಸಿ ಧಾನ್ಯ ಪಡೆಯೋ ಕರಾರು ಆಗುತ್ತೆ. ಜಪಾನಿ ಕ್ಯಾಪ್ಟನ್ ಮಾತು ಉಳಿಸಿಕೊಳ್ತಾನೆ, ಗಾಡಿಗಟ್ಟಲೆ ಧಾನ್ಯ ಬರುತ್ತೆ. ಊರಲ್ಲಿ ಔತಣ, ಕುಡಿತ, ಹಾಡು. ಅದೇ ಔತಣ ನೋಡನೋಡ್ತಿದ್ದ ಹಾಗೆ ಕೊಲೆಗಡುಕತನಕ್ಕೆ ತಿರುಗಿ ಇಡೀ ಊರು ಉರಿದುಹೋಗುತ್ತೆ. ಚಕ್ರವರ್ತಿ ಶರಣಾಗತಿ ಘೋಷಿಸಿಯಾಗಿತ್ತು ಅನ್ನೋದು ಹೆಣಗಳು ಬಿದ್ದ ಮೇಲೆ ಹೊರಗೆ ಬರುತ್ತೆ.

ನನಗೆ ಈ ಸಿನಿಮಾದಲ್ಲಿ ಕೊರತೆ ಕಂಡದ್ದು ಇಲ್ಲೇ. ದೃಶ್ಯ ಭಯಂಕರವಾಗಿದೆ, ಆದರೆ ಹತ್ಯಾಕಾಂಡ ಒಬ್ಬ ಕ್ಯಾಪ್ಟನ್‌ನ ಮನಸ್ಸಿನ ವಿಕಾರದಿಂದ, ಕುಡಿದ ರಾತ್ರಿಯ ಉನ್ಮಾದದಿಂದ ಹುಟ್ಟಿದ ಹಾಗೆ ಕಾಣುತ್ತೆ. ಉತ್ತರ ಚೀನಾದಲ್ಲಿ ನಡೆದದ್ದು ಹಾಗಲ್ಲ. ಇದೇ ಹೆಬೈನ ಪೂರ್ವ ಭಾಗದ ಪಾನ್‌ಜಿಯಾಯು ಅನ್ನೋ ಹಳ್ಳಿಯಲ್ಲಿ 1941ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನ ಕೊಂದರು. 1940ರಲ್ಲಿ ಕಮ್ಯುನಿಸ್ಟ್ ಸೈನ್ಯ ರೈಲು ಮಾರ್ಗಗಳ ಮೇಲೆ ದೊಡ್ಡ ದಾಳಿ ಮಾಡಿದ ಮೇಲೆ, ಗೆರಿಲ್ಲಾಗಳಿಗೆ ಅನ್ನ ಹಾಕೋ ಹಳ್ಳಿಗಳನ್ನೇ ಇಲ್ಲವಾಗಿಸೋದು ಜಪಾನಿ ಸೈನ್ಯದ ಯೋಜನೆಯಾಗಿತ್ತು. ಚೀನೀಯರು ಅದಕ್ಕೆ ಇಟ್ಟ ಹೆಸರಿನ ಅರ್ಥ ಎಲ್ಲ ಕೊಲ್ಲು, ಎಲ್ಲ ಸುಡು, ಎಲ್ಲ ದೋಚು. ಸಿನಿಮಾ ಮನುಷ್ಯರ ಮುಖಗಳನ್ನ ಎಷ್ಟು ಚೆನ್ನಾಗಿ ನೋಡುತ್ತೋ, ಅವರ ಹಿಂದಿದ್ದ ಆದೇಶದ ಕಾಗದವನ್ನ ಅಷ್ಟು ನೋಡಲ್ಲ. ಇಲಾಖೆಯವರು ಈ ತಪ್ಪು ಹಿಡಿದಿದ್ದರೆ ನಾನೂ ತಲೆಯಾಡಿಸ್ತಿದ್ದೆ. ಮಾ ದಾಸಾನ್‌ನ ಪ್ರೇಯಸಿ, ವಿಧವೆ ಯೂಅರ್ ಕೂಡ ಬಸುರಿ ಅನ್ನೋದರಾಚೆ ಹೆಚ್ಚು ಬೆಳೆಯಲ್ಲ.

ಆದರೆ ಕೊನೆಯ ಅರ್ಧ ಗಂಟೆ ಇತಿಹಾಸಕ್ಕೆ ತುಂಬ ಹತ್ತಿರ ಇದೆ. ಯುದ್ಧ ಮುಗಿದು ಕ್ವೋಮಿಂಟಾಂಗ್ ಅಧಿಕಾರಿ ಬರ್ತಾನೆ. ದೇಶದ್ರೋಹಿ ಅಂತ ದೊಂಗ್‌ನನ್ನ ಜನರೆದುರಿಗೇ ಕೊಲ್ಲಿಸ್ತಾನೆ. ಜಪಾನಿ ಸೈನಿಕರು ಮಾತ್ರ ಶಿಬಿರದಲ್ಲಿ ಸುರಕ್ಷಿತ, ಯುದ್ಧಕೈದಿಗಳು. ಊರು ಸತ್ತ ಮೇಲೆ ಉಳಿದ ಮಾ ದಾಸಾನ್ ಕೊಡಲಿ ಹಿಡಿದು ಶಿಬಿರಕ್ಕೆ ನುಗ್ತಾನೆ. ಅವನಿಗೆ ಮರಣದಂಡನೆ, ಕತ್ತಿ ಬೀಸೋನು ಅವನೇ ಸಾಕಿದ ಹನಯಾ. ಇದೇನು ಅತಿ ಅನಿಸಿದರೆ ಒಂದು ನಿಜ ಘಟನೆ ಕೇಳಿ. 1941ರಿಂದ 44ರವರೆಗೆ ಉತ್ತರ ಚೀನಾದ ಜಪಾನಿ ಸೈನ್ಯದ ಮುಖ್ಯಸ್ಥನಾಗಿದ್ದ ಜನರಲ್ ಒಕಾಮುರಾ ಯಸುಜಿಯನ್ನ 1949ರ ಜನವರಿಯಲ್ಲಿ ಚಿಯಾಂಗ್ ಸರ್ಕಾರದ ನ್ಯಾಯಮಂಡಳಿ ನಿರ್ದೋಷಿ ಅಂತ ಬಿಟ್ಟಿತು. ಕಮ್ಯುನಿಸ್ಟರ ವಿರುದ್ಧ ಅವನ ಅನುಭವ ಬೇಕಾಗಿತ್ತು. ಆಮೇಲೆ ಅವನು ಚಿಯಾಂಗ್‌ಗೆ ಸಲಹೆಗಾರನೂ ಆದ. ಸಣ್ಣ ದುಭಾಷಿಗೆ ಗುಂಡು, ದೊಡ್ಡ ಜನರಲ್‌ಗೆ ಕುರ್ಚಿ.

ಹಾಗಾದ್ರೆ ಮೊದಲ ರಾತ್ರಿ ಬಂದ ಆ ‘ನಾನು’ ಯಾರು? ಕಮ್ಯುನಿಸ್ಟ್ ಗೆರಿಲ್ಲಾ ಇರಬೇಕು ಅಂತ ನಾವು ಊಹಿಸ್ತೀವಿ, ಸಿನಿಮಾ ಬಾಯಿ ಬಿಡಲ್ಲ. ಸೆನ್ಸಾರ್‌ಗೆ ಹೆದರಿ ಹೀಗೆ ಮಾಡಿದ್ದಾರೆ ಅನ್ನೋರು ಇರಬಹುದು. ನನಗೆ ಹಾಗನಿಸಲಿಲ್ಲ. ಹೆಸರು ಹೇಳಿಬಿಟ್ಟಿದ್ದರೆ ಒಂದು ಪಕ್ಷದ ಮೇಲಿನ ದೂರಾಗಿ ಮುಗಿದುಹೋಗ್ತಿತ್ತು. ಚಿಯಾಂಗ್ ಇರಲಿ, ಕಮ್ಯುನಿಸ್ಟರಿರಲಿ, ಜಪಾನಿನ ಚಕ್ರವರ್ತಿ ಇರಲಿ, ಆ ಊರಿಗೆ ಎಲ್ಲರೂ ಕತ್ತಲಲ್ಲಿ ನಿಂತು ‘ನಾನು’ ಅಂದವರೇ. ಎಲ್ಲರೂ ಚೀಲ ಇಟ್ಟು ಹೋದರು, ಯಾರೂ ವಾಪಸ್ ಬಂದು ಹೊತ್ತುಕೊಂಡು ಹೋಗಲಿಲ್ಲ. ಇಷ್ಟೆಲ್ಲ ಆದ ಮೇಲೆ ಊರಿನವರಿಗೆ ದ್ವೇಷ ಕಮ್ಮಿ ಆಯ್ತು ಅಂತ ಮಾರ್ಕ್ಸ್ ಕಳೆಯೋಕೆ ಇನ್ನೊಂದು ಕಚೇರಿ ಬಂತು.

ಮಾ ದಾಸಾನ್‌ನ ತಲೆ ಉರುಳಿದಾಗ ಮೊದಲ ಸಲ ಪರದೆಗೆ ಬಣ್ಣ ಬರುತ್ತೆ. ಕತ್ತಿ ಹಿಡಿದವರು, ಸುಮ್ಮನೆ ನಿಂತು ನೋಡ್ತಿರೋ ಜನ, ಎಲ್ಲ ಅವನ ಕಣ್ಣಿಂದ ಕಾಣ್ತಾರೆ. ಸಿಕ್ಕರೆ ನೋಡಿ. ಮೊದಲ ಒಂದೂವರೆ ಗಂಟೆ ನಕ್ಕುಬಿಡಿ, ನಾಚಿಕೆ ಬೇಡ. ನಿರ್ದೇಶಕರೂ ನೀವು ನಗಲಿ ಅಂತಲೇ ಕಾಯ್ತಿದ್ದಾರೆ.