ಗಿರಕಿಯಲ್ಲ, ಕೆಲಸ

ನಿನ್ನೆ ಬೆಳಿಗ್ಗೆ ಹೊಸಕೆರೆಹಳ್ಳಿಯ ನಮ್ಮ ಅಡ್ಡರಸ್ತೆಗೆ ಎಂ-ಸ್ಯಾಂಡ್ ಸುರಿಯಲು ಬಂದ ಟಿಪ್ಪರ್ ಹಿಂಭಾಗವನ್ನು ಅರ್ಧ ಎತ್ತಿಕೊಂಡು ಹಾಗೇ ನಿಂತುಬಿಟ್ಟಿತು. ಪೈಪು ಒಡೆದು ಎಣ್ಣೆ ಮೋರಿಗೆ ಇಳಿಯುತ್ತಿತ್ತು. "ಆಯಿಲ್ ಹೋದ್ಮೇಲೆ ಜಾಕಿ ಏಳಲ್ಲ ಸಾರ್," ಅಂದ ಡ್ರೈವರ್ ಟೀ ಕುಡಿಯಲು ಹೋದ. ಇವತ್ತು ಸಂಜೆಯೊಳಗೆ ಅಂಕಣ ಕಳಿಸಬೇಕು. ವಿಷಯ ಮನೆ ಬಾಗಿಲಿಗೇ ಬಂದಿತ್ತು: ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಈ ಹೈಡ್ರಾಲಿಕ್ ವಿಮಾನದಲ್ಲಿ ಕೆಟ್ಟರೆ ಏನು ಗತಿ?

2024ರ ಅಕ್ಟೋಬರ್ 11ರ ಸಂಜೆ ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737ರಲ್ಲಿ ಹೈಡ್ರಾಲಿಕ್ ಕೈಕೊಟ್ಟಿತು. ಎರಡು ಗಂಟೆಗೂ ಮೀರಿ ಅಲ್ಲೇ ಸುತ್ತಿ ಸುರಕ್ಷಿತವಾಗಿ ಇಳಿಯಿತು. ಆ ಹೊತ್ತಿನಲ್ಲಿ ಟೀವಿಯವರು 'ಆಕಾಶದಲ್ಲಿ ಗಿರಕಿ' ಎಂದು ಕೂಗಿದ್ದು ನನಗಿನ್ನೂ ಅಜೀರ್ಣ. ದಿಕ್ಕು ತೋಚದೆ ಸುತ್ತುತ್ತಿದ್ದಾರೆ ಎಂಬ ಧಾಟಿ! 737ಕ್ಕೆ ಇಂಧನವನ್ನು ಗಾಳಿಯಲ್ಲಿ ಚೆಲ್ಲುವ ಸೌಕರ್ಯವೇ ಇಲ್ಲ. ಭಾರ ಇಳಿಯಬೇಕಾದರೆ ಉರಿಸಬೇಕು, ಉರಿಸಲು ಹಾರುತ್ತಿರಬೇಕು.

ಒಳಗೆ ನಡೆಯುವುದು ಪಾರಾಯಣ. ಒಬ್ಬರು ವಿಮಾನ ಹಾರಿಸುತ್ತಾರೆ, ಬೇರೇನೂ ಮುಟ್ಟುವುದಿಲ್ಲ. ಇನ್ನೊಬ್ಬರು ಚೆಕ್‌ಲಿಸ್ಟ್ ತೆರೆದು ಗಟ್ಟಿಯಾಗಿ ಓದುತ್ತಾರೆ. 737ರಲ್ಲಿ 'ಎ', 'ಬಿ' ಮತ್ತು ಸ್ಟ್ಯಾಂಡ್‌ಬೈ ಎಂಬ ಮೂರು ಹೈಡ್ರಾಲಿಕ್ ಜಾಲಗಳಿವೆ. 'ಬಿ' ಹೋದರೆ ಫ್ಲ್ಯಾಪ್ ಬಿಚ್ಚಲು ವಿದ್ಯುತ್ ಮೋಟರ್ ಇದೆ, ಆದರೆ ಅದು ಸೋಮಾರಿ; ರನ್‌ವೇಯಿಂದ ದೂರ ಇರುವಾಗಲೇ ಶುರುಮಾಡಬೇಕು. 'ಎ' ಹೋದರೆ ನನಗೆ ಬಲು ಇಷ್ಟವಾದ ವ್ಯವಸ್ಥೆಯ ಸರದಿ. ಬಲಗಡೆ ಸೀಟಿನ ಹಿಂದೆ ನೆಲದಲ್ಲೊಂದು ಮುಚ್ಚಳ, ಅದರ ಕೆಳಗೆ ಮೂರು ಹಿಡಿಗಳು, ಒಂದೊಂದು ಚಕ್ರಕ್ಕೆ ಒಂದೊಂದು. ಎಳೆದರೆ ಕೊಂಡಿ ಬಿಡುತ್ತದೆ, ಚಕ್ರ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರದಲ್ಲಿ ಕೊನೆಗೆ ಕೆಲಸಕ್ಕೆ ಬರುವುದು ನಮ್ಮಜ್ಜಿಗೂ ಅರ್ಥವಾಗುವ ಚಿಲಕ! ಆದರೆ ಹೀಗೆ ಇಳಿಸಿದ ಚಕ್ರವನ್ನು ಮತ್ತೆ ಎತ್ತಲಾಗದು. ಯಾವಾಗ ಎಳೆಯಬೇಕೆಂಬುದೇ ಜಾಣತನ.

'ಎ', 'ಬಿ' ಎರಡೂ ಹೋದರೂ 737ರಲ್ಲಿ ಕೇಬಲ್ ಇದೆ, ತೋಳ್ಬಲ ಬೇಕು. ಅದೂ ಇಲ್ಲದೆ ಇಳಿದವರು ಕ್ಯಾಪ್ಟನ್ ಅಲ್ ಹೇನ್ಸ್. 1989ರ ಜುಲೈ 19, ಯುನೈಟೆಡ್ 232, ಡಿಸಿ-10. ಬಾಲದ ಎಂಜಿನ್ ಸಿಡಿದು ಮೂರೂ ಜಾಲಗಳು ಬರಿದು. ಪ್ರಯಾಣಿಕರಾಗಿ ಬಂದಿದ್ದ ತರಬೇತುದಾರ ಡೆನ್ನಿ ಫಿಚ್ ರೆಕ್ಕೆಯ ಎರಡು ಎಂಜಿನ್‌ಗಳ ವೇಗ ಏರಿಳಿಸಿಯೇ ವಿಮಾನವನ್ನು ತಿರುಗಿಸಿದರು. ಅಮೆರಿಕದ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿದರೂ 296 ಮಂದಿಯಲ್ಲಿ 184 ಮಂದಿ ಬದುಕಿದರು. ಕಾಪಾಡುವುದು ವೀರತನವಲ್ಲ, ಚೆಕ್‌ಲಿಸ್ಟ್ ಎಂದರೆ 'ವೀರ ಪೈಲಟ್' ಪಂಥದ ಗೆಳೆಯರು ಇದನ್ನೇ ನನ್ನ ಮುಖಕ್ಕೆ ಹಿಡಿಯುತ್ತಾರೆ. ಹೇನ್ಸ್ ಮಾತ್ರ ಹೋದಲ್ಲೆಲ್ಲ ಶ್ರೇಯಸ್ಸನ್ನು ತಂಡಕ್ಕೂ ತಯಾರಿಗೂ ಅದೃಷ್ಟಕ್ಕೂ ಹಂಚಿದರು.

ನಮ್ಮೂರು ಬೆಂಗಳೂರಲ್ಲೂ ನೋಡಿದ್ದೇವಲ್ಲ. 2023ರ ಜುಲೈ 11ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹಾರಿ ಅಲ್ಲಿಗೇ ಮರಳಿದ ಪುಟ್ಟ ಪ್ರೀಮಿಯರ್ ಜೆಟ್‌ಗೆ ಮುಂದಿನ ಚಕ್ರ ಇಳಿದಿರಲಿಲ್ಲ. ಹಿಂದಿನ ಚಕ್ರಗಳ ಮೇಲೆ ಓಡಿ, ಮೂತಿಯನ್ನು ಆದಷ್ಟು ಹೊತ್ತು ಎತ್ತಿ ಹಿಡಿದು, ಆಮೇಲೆ ತೊಟ್ಟಿಲಲ್ಲಿ ಕೂಸನ್ನು ಮಲಗಿಸಿದಂತೆ ಕೆಳಗಿಟ್ಟರು. ಒಳಗಿದ್ದ ಇಬ್ಬರು ಪೈಲಟ್‌ಗಳೂ ಕ್ಷೇಮ. ಆ ವಿಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಟಿಪ್ಪರ್ ಇನ್ನೂ ಅಲ್ಲೇ ಇದೆ.