‘ಮರಳಿ ಮಣ್ಣಿಗೆ’: ಹಿರಿಯರು ಕಂಡ ಕಿರಿಯರು

ಈಗಿನ ಹುಡುಗರಿಗೆ ಸಮಾಜದ ಪರಿವೆಯೇ ಇಲ್ಲವೆಂಬುದು ಎಲ್ಲ ಕಾಲದ ಹಿರಿಯರ ಬಾಯಲ್ಲಿಯೂ ಕೇಳಿಬರುವ ಮಾತು. ಇದರ ಸತ್ಯಾಸತ್ಯತೆಯನ್ನು ಪರಿಶೀಲಿಸಬಯಸುವವರಿಗೆ ಡಾ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಇಂದಿಗೂ ಉತ್ತಮ ಒರೆಗಲ್ಲು. ಕಡಲ ತಡಿಯ ಕೋಡಿ ಗ್ರಾಮದ ಒಂದು ಮನೆತನದ ಮೂರು ತಲೆಮಾರುಗಳ ಬಾಳನ್ನು ಅದು ಚಿತ್ರಿಸುತ್ತದೆ.

ರಾಮ ಐತಾಳರದು ಪೌರೋಹಿತ್ಯ, ಬೇಸಾಯಗಳನ್ನು ನಂಬಿದ ಮಿತವ್ಯಯದ ಜೀವನ. ಅವರ ಮಗ ಲಚ್ಚ ಇಂಗ್ಲಿಷ್ ಕಲಿತು, ದುರ್ವ್ಯಸನಗಳಿಗೆ ಬಲಿಯಾಗಿ, ಮನೆತನದ ಆಸ್ತಿಯನ್ನು ಹಾಳುಮಾಡುತ್ತಾನೆ. ಇಷ್ಟನ್ನೇ ಓದಿದರೆ ಹಿರಿಯರ ದೂರು ಸಿದ್ಧವಾದಂತೆಯೇ ಸರಿ. ಆದರೆ ಅವನನ್ನು ಆ ವಿದ್ಯೆಗೆ ಹಚ್ಚಿದವರು ಯಾರು? ನೆರೆಯ ಶೀನ ಮಯ್ಯರ ಮಕ್ಕಳು ಬೆಂಗಳೂರಿನ ಹೋಟೆಲು ವ್ಯಾಪಾರದಿಂದ ಹಣವಂತರಾದುದನ್ನು ಕಂಡು, ತಾವೂ ಹಿಂದೆ ಬೀಳಬಾರದೆಂಬ ಛಲದಿಂದ ಐತಾಳರೇ ಹಚ್ಚಿದರು. ವಿದ್ಯೆಯೆಂದರೆ ಪ್ರತಿಷ್ಠೆಯೆಂಬ ಪಾಠವನ್ನು ಲಚ್ಚ ಶಾಲೆಗಿಂತ ಮೊದಲು ಮನೆಯಲ್ಲಿಯೇ ಕಲಿತಿದ್ದನು.

ಅದೇ ವಿದ್ಯೆಯನ್ನು ಪಡೆದ ಮೊಮ್ಮಗ ರಾಮನ ದಾರಿ ಬೇರೆ. ಮದರಾಸಿನಲ್ಲಿ ಓದುವಾಗ ಅವನು ಸ್ವಾತಂತ್ರ್ಯ ಚಳವಳಿಗಿಳಿದು ಸೆರೆಮನೆ ಕಾಣುತ್ತಾನೆ. ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದು, ಕೊನೆಗೆ ಊರ ಮಣ್ಣಿಗೇ ಮರಳುತ್ತಾನೆ. ಈ ವ್ಯತ್ಯಾಸಕ್ಕೆ ಕಾರಣವನ್ನು ತಾಯಿ ನಾಗವೇಣಿಯ ಬಾಳಿನಲ್ಲಿ ಅರಸಬೇಕು. ಗಂಡನಿಂದ ನೊಂದ ಆಕೆ ಕಷ್ಟದಲ್ಲಿ ಸಾಕಿದ ಮಗನಿಗೆ ಪರರ ನೋವನ್ನು ಅರಿಯುವ ಕಣ್ಣು ಉಪದೇಶದಿಂದ ಬಂದುದಲ್ಲ. ಕಂಡು ಉಂಡು ಬಂದುದು. ಆದರೂ ಅವನ ಸೆರೆವಾಸ ಆ ತಾಯಿಗೆ ಸಂಕಟವನ್ನೇ ತಂದಿತು. ಹಿರಿಯರು ಚಿಂತಿಸಬೇಕಾದ ಸ್ಥಳವಿದು. ಕಿರಿಯರಲ್ಲಿ ಸಾಮಾಜಿಕ ಪ್ರಜ್ಞೆಯಿಲ್ಲವೆಂದು ದೂರುವ ನಾವು, ಅದು ನಮ್ಮ ಮನೆಯ ಮಗನಲ್ಲಿಯೇ ಮೂಡಿದಾಗ ಅದರ ಬೆಲೆಯನ್ನು ತೆರಲು ಸಿದ್ಧರಿರುವೆವೆ?

ಕೃತಿಗೊಂದು ಮಿತಿಯೂ ಉಂಟು. ಮರಳಿ ಹೋಗಲು ರಾಮನಿಗೆ ಪೂರ್ವಿಕರ ನೆಲವಿತ್ತು. ಆ ಮನೆತನವನ್ನು ನಂಬಿ ದುಡಿದ ಸೂರ, ಬಚ್ಚಿಯರಂಥವರ ಮಕ್ಕಳು ಮರಳಬೇಕಾದುದು ಯಾವ ಮಣ್ಣಿಗೆ? ಈ ಪ್ರಶ್ನೆಯನ್ನು ಕಾದಂಬರಿ ಮುಂದಿಟ್ಟು ಬೆಳೆಸುವುದಿಲ್ಲ. ಉಳುವ ಗೇಣಿದಾರನಿಗೆ ಒಡೆತನ ಕೊಡುವ ಭೂಸುಧಾರಣೆ ಕರ್ನಾಟಕದಲ್ಲಿ ಜಾರಿಗೆ ಬಂದುದು 1974ರಲ್ಲಿ, ಕಾದಂಬರಿ ಬಂದ 33 ವರ್ಷಗಳ ತರುವಾಯ. ಕೂಲಿಯವನಿಗೆ ಆಗಲೂ ಹೆಚ್ಚಿನದೇನೂ ದಕ್ಕಲಿಲ್ಲ. ಹೀಗಿರುವಾಗ ಊರು ಬಿಟ್ಟು ನಗರ ಸೇರುವ ಇಂದಿನ ತರುಣರನ್ನೆಲ್ಲ ಮಣ್ಣಿನ ಋಣ ಮರೆತವರೆಂದು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಋಣವಿರಬೇಕಾದರೆ ಮೊದಲು ಮಣ್ಣು ದೊರೆತಿರಬೇಕಷ್ಟೆ.

ಈ ಮಿತಿಯಿಂದ ಕೃತಿಯ ಹಿರಿಮೆ ಕುಂದದು. ಲಚ್ಚ, ರಾಮ ಇಬ್ಬರೂ ಅವರವರ ಹಿರಿಯರು ಬಾಳಿದ ಬಾಳಿನ ಫಲಗಳೆಂಬುದನ್ನು ಅದು ನಿಷ್ಪಕ್ಷಪಾತವಾಗಿ ತೋರಿಸಿದೆ. ಕಿರಿಯರ ಮೇಲೆ ತೀರ್ಪು ಕೊಡುವ ಮೊದಲು ಹಿರಿಯರು ಈ ಕಾದಂಬರಿಯನ್ನು ಮತ್ತೊಮ್ಮೆ ಓದುವುದು ಲೇಸು.